ಆಕಾಶದ ಸದ್ದಿಗೆ ಯಾವ ಚಿಪ್?

ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ಸಾಗಿದರೆ ನಾರಾಯಣಗಾಂವ್ ಸಿಗುತ್ತದೆ. ಅದರ ಪಕ್ಕದ ಖೋಡದ್ ಹಳ್ಳಿಯ ಆಸುಪಾಸಿನಲ್ಲಿ 45 ಮೀಟರ್ ಅಗಲದ ಮೂವತ್ತು ಆಂಟೆನಾಗಳು ಆಕಾಶಕ್ಕೆ ಮುಖಮಾಡಿ ನಿಂತಿವೆ. ಹದಿನಾಲ್ಕು ನಡುವೆ ಒತ್ತೊತ್ತಾಗಿ, ಉಳಿದ ಹದಿನಾರು ಮೂರು ದಿಕ್ಕಿಗೆ ಚಾಚಿದ ತೋಳುಗಳ ಉದ್ದಕ್ಕೂ. ಇದು ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ 1990ರ ದಶಕದಲ್ಲಿ ಎದ್ದುನಿಂತ ಜಿಎಂಆರ್‌ಟಿ, ಅಂದರೆ ಜೈಂಟ್ ಮೀಟರ್‌ವೇವ್ ರೇಡಿಯೊ ಟೆಲಿಸ್ಕೋಪ್. ಆ ಆಂಟೆನಾಗಳು ಇಂದಿಗೂ ಅವೇ. ಅವು ಹಿಡಿದ ಸಿಗ್ನಲ್ಲನ್ನು ಬಿಡಿಸಿ ನೋಡುವ ಯಂತ್ರ ಮಾತ್ರ ಇಷ್ಟರಲ್ಲಿ ಮೂರು ಅವತಾರ ಎತ್ತಿದೆ. ಮೊದಲು ಆ ಕೆಲಸಕ್ಕೆಂದೇ ಮಾಡಿಸಿದ ಚಿಪ್, ಆಮೇಲೆ ಮಾರುಕಟ್ಟೆಯಲ್ಲಿ ಸಿಗುವ ಕಂಪ್ಯೂಟರುಗಳ ಸಾಲು, ಈಗ ಎಫ್‌ಪಿಜಿಎ ಎಂಬ ಮರುಜೋಡಣೆಯ ಚಿಪ್ ಮತ್ತು ಜಿಪಿಯು ಎಂಬ ಗ್ರಾಫಿಕ್ಸ್ ಚಿಪ್ಪುಗಳ ಜೋಡಿ. ಮೂರೂ ಯಂತ್ರಗಳು ಮೊದಲಿಗೆ ಮಾಡುವ ಗಣಿತ ಒಂದೇ: ಫಾಸ್ಟ್ ಫೂರಿಯೇ ಟ್ರಾನ್ಸ್‌ಫಾರ್ಮ್, ಚಿಕ್ಕದಾಗಿ ಎಫ್‌ಎಫ್‌ಟಿ.

ಒಂದೇ ಗಣಿತಕ್ಕೆ ಮೂರು ಬಗೆಯ ಹಾರ್ಡ್‌ವೇರ್ ಏಕೆ ಬೇಕಾಯಿತು? ಎಫ್‌ಎಫ್‌ಟಿಗೆ ಯಾವ ಚಿಪ್ ಒಳ್ಳೆಯದು ಎಂದು ಕೇಳುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಹೇಳಬೇಕು ಎಂದು ನನಗೆ ಬಹಳ ದಿನಗಳಿಂದ ಅನಿಸುತ್ತಿತ್ತು. ಅವರ ಪಠ್ಯದಲ್ಲಿ ಸೂತ್ರವಿದೆ, ಚಿಟ್ಟೆಯಾಕಾರದ ಚಿತ್ರವಿದೆ, ಗುಣಾಕಾರ ಎಷ್ಟು ಉಳಿಯಿತು ಎಂಬ ಲೆಕ್ಕವಿದೆ. ಆ ಅಂಕಿಗಳು ಎಲ್ಲಿಂದ ಬರುತ್ತವೆ, ಎಷ್ಟು ವೇಗದಲ್ಲಿ ಬರುತ್ತವೆ, ಲೆಕ್ಕ ಮುಗಿದ ಮೇಲೆ ಎಲ್ಲಿಗೆ ಹೋಗುತ್ತವೆ ಎಂಬುದು ಮಾತ್ರ ಇಲ್ಲ. ಹಾರ್ಡ್‌ವೇರ್ ಆಯ್ಕೆಯ ಮುಕ್ಕಾಲು ಪಾಲು ನಿರ್ಧಾರವಾಗುವುದು ಅಲ್ಲಿಯೇ.

ಆಂಟೆನಾ ಕೊಡುವುದು ಕಾಲದ ಜೊತೆ ಏರಿಳಿಯುವ ಒಂದು ವೋಲ್ಟೇಜನ್ನು. ದೂರದ ಗೆಲಾಕ್ಸಿಯ ಹೈಡ್ರೋಜನ್, ಪಲ್ಸಾರ್ ಒಂದರ ಮಿಡಿತ, ಊರಿನ ಎಫ್‌ಎಂ ಸ್ಟೇಷನ್, ಆಂಪ್ಲಿಫೈಯರಿನ ಸ್ವಂತ ಗದ್ದಲ ಎಲ್ಲವೂ ಅದರಲ್ಲಿ ಕಲಸಿಕೊಂಡಿರುತ್ತವೆ. ಯಾವ ಆವರ್ತನದಲ್ಲಿ ಎಷ್ಟು ಬಲವಿದೆ ಎಂದು ಬೇರ್ಪಡಿಸಿ ಕೊಡುವುದೇ ಫೂರಿಯೇ ಪರಿವರ್ತನೆ. ನೇರ ದಾರಿ ಹಿಡಿದರೆ 4,096 ಅಂಕಿಗಳ ಒಂದು ಕಂತನ್ನು ಬಿಡಿಸಲು 4,096ರ ವರ್ಗದಷ್ಟು, ಅಂದರೆ ಸುಮಾರು 1 ಕೋಟಿ 68 ಲಕ್ಷ ಗುಣಾಕಾರ ಬೇಕು. ಎಫ್‌ಎಫ್‌ಟಿಯ ದಾರಿಯಲ್ಲಿ 24,576 ಸಾಕು. ಸುಮಾರು 680 ಪಟ್ಟು ಉಳಿತಾಯ. ಕಂತು ದೊಡ್ಡದಾದಷ್ಟೂ ಉಳಿತಾಯವೂ ಹಿಗ್ಗುತ್ತದೆ.

ಈ ದಾರಿಯನ್ನು ಜಗತ್ತಿಗೆ ಪರಿಚಯಿಸಿದ್ದು ಐಬಿಎಂನ ಜೇಮ್ಸ್ ಕೂಲಿ ಮತ್ತು ಪ್ರಿನ್ಸ್‌ಟನ್ನಿನ ಜಾನ್ ಟ್ಯೂಕಿ 1965ರಲ್ಲಿ ಬರೆದ ಪುಟ್ಟ ಪ್ರಬಂಧ. ಅದರ ಹಿಂದೆ ರಿಚರ್ಡ್ ಗಾರ್ವಿನ್ ಎಂಬ ಭೌತವಿಜ್ಞಾನಿಯ ಒತ್ತಾಯವಿತ್ತು. ಸೋವಿಯತ್ ಒಕ್ಕೂಟ ನೆಲದಡಿಯಲ್ಲಿ ನಡೆಸುವ ಅಣುಪರೀಕ್ಷೆಗಳನ್ನು ದೂರದ ಭೂಕಂಪಮಾಪಕಗಳ ಸಾಲಿನಿಂದ ಪತ್ತೆಹಚ್ಚುವುದು ಅವರ ಮನಸ್ಸಿನಲ್ಲಿದ್ದ ಬಳಕೆ. ಇದೇ ಜಾಣತನವನ್ನು ಗೌಸ್ 1805ರ ಸುಮಾರಿಗೆ ಕ್ಷುದ್ರಗ್ರಹಗಳ ಕಕ್ಷೆ ಲೆಕ್ಕ ಹಾಕುವಾಗ ಕಂಡುಕೊಂಡಿದ್ದರು ಎಂಬುದು ಬಹಳ ತಡವಾಗಿ ಬೆಳಕಿಗೆ ಬಂತು. ಗೌಸ್ ಕೈಯಲ್ಲೇ ಲೆಕ್ಕ ಮಾಡುತ್ತಿದ್ದರು, ಅವರಿಗೆ ಹಾರ್ಡ್‌ವೇರಿನ ಪ್ರಶ್ನೆ ಇರಲಿಲ್ಲ. ಗಾರ್ವಿನ್ನರಿಗೆ ಇತ್ತು. ದೂರದೂರದಲ್ಲಿ ನೆಟ್ಟ ಹಲವು ಸಂವೇದಕಗಳಿಂದ ಎಡೆಬಿಡದೆ ಬರುವ ಸಿಗ್ನಲ್ಲನ್ನು ಬಿಡಿಸಬೇಕಾಗಿತ್ತು. ಖೋಡದ್‌ನ ಸಮಸ್ಯೆಯೂ ಹೆಚ್ಚುಕಡಿಮೆ ಅದೇ.

ಜಿಎಂಆರ್‌ಟಿಯಲ್ಲಿ ಪ್ರತಿ ಆಂಟೆನಾ ಎರಡು ಧ್ರುವೀಕರಣಗಳ ಎರಡು ಸಿಗ್ನಲ್ ಕೊಡುತ್ತದೆ. ಒಟ್ಟು 60. ಇವು ಆಪ್ಟಿಕಲ್ ಫೈಬರಿನ ಮೂಲಕ ನಡುವಿನ ಕಟ್ಟಡಕ್ಕೆ ಬರುತ್ತವೆ. ಅಲ್ಲಿ ಪ್ರತಿ ಸಿಗ್ನಲ್ಲನ್ನೂ ಮೊದಲು ಆವರ್ತನಗಳಾಗಿ ಒಡೆಯಬೇಕು. ಆಮೇಲೆ ಪ್ರತಿ ಆವರ್ತನದಲ್ಲೂ ಒಂದು ಆಂಟೆನಾದ ಅಂಕಿಯನ್ನು ಉಳಿದ ಪ್ರತಿಯೊಂದು ಆಂಟೆನಾದ ಅಂಕಿಯೊಂದಿಗೆ ಗುಣಿಸಿ ಕೂಡುತ್ತಾ ಹೋಗಬೇಕು. ಮೂವತ್ತು ಆಂಟೆನಾಗಳಿಂದ 435 ಜೋಡಿಗಳಾಗುತ್ತವೆ. ಈ ಗುಣಲಬ್ಧಗಳಿಂದಲೇ ಆಕಾಶದ ಚಿತ್ರ ಮೂಡುವುದು. ಈ ಕೆಲಸ ಮಾಡುವ ಯಂತ್ರಕ್ಕೆ ಕೋರಿಲೇಟರ್ ಎಂದು ಹೆಸರು.

ಮೊದಲ ಕೋರಿಲೇಟರನ್ನು ಅಮೆರಿಕದ ವಿಎಲ್‌ಬಿಎ ದೂರದರ್ಶಕ ಜಾಲಕ್ಕಾಗಿ ರೂಪಿಸಿದ್ದ ವಿಶೇಷ ಚಿಪ್ಪುಗಳ ಸುತ್ತ ಕಟ್ಟಲಾಯಿತು. ಇಂಥವನ್ನು ಏಸಿಕ್ ಎನ್ನುತ್ತಾರೆ. ಒಂದೇ ಕೆಲಸಕ್ಕೆ ಸಿಲಿಕಾನಿನಲ್ಲಿ ಕಾಯಂ ಆಗಿ ಬರೆದಿಟ್ಟ ಸರ್ಕ್ಯೂಟ್ ಅದು. ಆ ಕಾಲದ ಯಾವ ಕಂಪ್ಯೂಟರೂ 32 ಮೆಗಾಹರ್ಟ್ಸ್ ಅಗಲದ ಅರವತ್ತು ಸಿಗ್ನಲ್ಲುಗಳನ್ನು ಬಂದಹಾಗೇ ಬಿಡಿಸುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಬೇರೆ ದಾರಿಯೇ ಇರಲಿಲ್ಲ ಎನ್ನಬಹುದು. ಏಸಿಕ್ಕಿನ ಗುಣ ಅದರ ಮಿತವ್ಯಯ. ಪ್ರತಿ ಲೆಕ್ಕಕ್ಕೂ ಅದು ಖರ್ಚು ಮಾಡುವ ವಿದ್ಯುತ್ತು ಉಳಿದೆಲ್ಲ ಬಗೆಗಿಂತ ಕಡಿಮೆ. ಅದರ ದೋಷವೂ ಅಲ್ಲೇ ಇದೆ. ಆವರ್ತನಗಳನ್ನು 256 ಭಾಗ ಮಾಡುವ ಯಂತ್ರ ಕಟ್ಟಿದ ಮೇಲೆ, ಖಗೋಳವಿಜ್ಞಾನಿಗಳು ಇನ್ನೂ ಸಣ್ಣದಾಗಿ ಸೀಳಿ ಕೊಡಿ ಎಂದರೆ ಚಿಪ್ಪಿನ ಬಳಿ ಉತ್ತರವಿಲ್ಲ. ಬೇರೆ ಚಿಪ್ ಮಾಡಿಸಬೇಕು, ಅದಕ್ಕೆ ವರ್ಷಗಳು ಬೇಕು. ಮೊದಲ ಚಿಪ್ಪಿಗೇ ಕೋಟಿಗಟ್ಟಲೆ ಸುರಿಯಬೇಕಾದ ಬಾಬತ್ತು ಇದು. ಲಕ್ಷಾಂತರ ಪ್ರತಿ ಮಾರಾಟವಾಗುವ ವಸ್ತುವಿನ ಒಳಗೆ ಏಸಿಕ್ ಇದ್ದರೆ ಲೆಕ್ಕ ಸರಿಹೋಗುತ್ತದೆ, ಜಗತ್ತಿನಲ್ಲಿ ಒಂದೇ ಒಂದು ಇರುವ ದೂರದರ್ಶಕಕ್ಕೆ ಅದು ಭಾರ.

ಎರಡನೆಯ ಅವತಾರದ ಹೆಸರು ಜಿಎಸ್‌ಬಿ. ಜಯಂತ ರಾಯ್, ಯಶವಂತ ಗುಪ್ತ ಮತ್ತು ಅವರ ಸಂಗಡಿಗರು, ಟೊರಾಂಟೊ ಹಾಗೂ ಪಿಟ್ಸ್‌ಬರ್ಗಿನ ಸಹೋದ್ಯೋಗಿಗಳ ಜೊತೆ ಸೇರಿ ಕಟ್ಟಿದ್ದು. 2010ರಲ್ಲಿ ಅದರ ವಿವರ ಪ್ರಕಟವಾಯಿತು. ಸಿಗ್ನಲ್ಲನ್ನು ಅಂಕಿಯಾಗಿಸಲು ಮಾರುಕಟ್ಟೆಯಲ್ಲಿ ಸಿಗುವ ಕಾರ್ಡುಗಳು, ಲೆಕ್ಕಕ್ಕೆ ಸಾಮಾನ್ಯ ಇಂಟೆಲ್ ಪ್ರೊಸೆಸರಿನ ಕಂಪ್ಯೂಟರುಗಳು, ಅವುಗಳ ನಡುವೆ ಗಿಗಾಬಿಟ್ ಈಥರ್ನೆಟ್. ಎಫ್‌ಎಫ್‌ಟಿ ಈಗ ಸಿಲಿಕಾನಿನಿಂದ ಇಳಿದು ಸಾಫ್ಟ್‌ವೇರಿನ ಒಂದು ಸಾಲಾಯಿತು. ಆವರ್ತನದ ಭಾಗಗಳ, ಅಂದರೆ ಚಾನೆಲ್ಲುಗಳ ಸಂಖ್ಯೆ ಹೆಚ್ಚಿಸಬೇಕೇ? ಒಂದು ಅಂಕಿ ಬದಲಾಯಿಸಿದರೆ ಆಯಿತು. ಹೊರಗಿನ ರೇಡಿಯೊ ಗದ್ದಲವನ್ನು ಸೋಸುವ ಹೊಸ ವಿಧಾನ ಹೊಳೆಯಿತೇ? ಬರೆದು ಓಡಿಸಿ ನೋಡಬಹುದು. ಕಚ್ಚಾ ಸಿಗ್ನಲ್ಲನ್ನು ಹಾಗೆಯೇ ಡಿಸ್ಕಿಗೆ ಬರೆದಿಟ್ಟು, ತಿಂಗಳ ನಂತರ ಬೇರೆ ಪ್ರಶ್ನೆಯೊಂದಿಗೆ ಮತ್ತೆ ಬಿಡಿಸುವ ಅನುಕೂಲವೂ ಬಂತು. ಪಲ್ಸಾರ್ ಹುಡುಕುವವರಿಗೆ ಇದರಷ್ಟು ದೊಡ್ಡ ಕೊಡುಗೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬ್ಯಾಂಡಿನ ಅಗಲ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ, 33 ಮೆಗಾಹರ್ಟ್ಸ್. ಕೆಲಸದ ಗಾತ್ರ ಅಷ್ಟೇ ಇದ್ದದ್ದರಿಂದ, ಕಂಪ್ಯೂಟರುಗಳು ಇಷ್ಟು ವರ್ಷಗಳಲ್ಲಿ ಬೆಳೆದು ಆ ಗಾತ್ರವನ್ನು ಮುಟ್ಟಿದ್ದವು.

ಮೂರನೆಯ ಅವತಾರದಲ್ಲಿ ಗಾತ್ರವೇ ಬದಲಾಯಿತು. ಜಿಎಂಆರ್‌ಟಿಯನ್ನು ನವೀಕರಿಸಿ ಬ್ಯಾಂಡಿನ ಅಗಲವನ್ನು 400 ಮೆಗಾಹರ್ಟ್ಸಿಗೆ ಏರಿಸುವ ತೀರ್ಮಾನವಾಯಿತು. ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಈ ಲೆಕ್ಕವನ್ನು ಯಾರು ಬೇಕಾದರೂ ಕಾಗದದ ಮೇಲೆ ಮಾಡಬಹುದು, ಚಿಪ್ ಕೊಳ್ಳುವ ಮೊದಲು ಮಾಡಲೇಬೇಕು.

400 ಮೆಗಾಹರ್ಟ್ಸ್ ಅಗಲದ ಸಿಗ್ನಲ್ಲನ್ನು ಕಳೆದುಕೊಳ್ಳದೆ ಹಿಡಿಯಲು ಅದರ ಎರಡು ಪಟ್ಟು, ಸೆಕೆಂಡಿಗೆ 80 ಕೋಟಿ ಸಲ ಅಳೆಯಬೇಕು. ಅರವತ್ತು ಸಿಗ್ನಲ್ಲುಗಳಿಂದ ಸೆಕೆಂಡಿಗೆ 4,800 ಕೋಟಿ ಅಳತೆಗಳು. ಪ್ರತಿ ಅಳತೆಯನ್ನು 4 ಬಿಟ್ಟಿನಲ್ಲಿ ಬರೆದರೂ ಸೆಕೆಂಡಿಗೆ 24 ಗಿಗಾಬೈಟ್. ಇದು ಹಗಲೂ ರಾತ್ರಿ ನಿಲ್ಲದ ಹರಿವು. ಒಂದು ಕ್ಷಣ ಕೈತಪ್ಪಿದರೆ ಹೋದದ್ದು ಹೋಯಿತು, ಆಕಾಶ ಇನ್ನೊಮ್ಮೆ ಹೇಳುವುದಿಲ್ಲ. 4,096 ಅಳತೆಗಳಿಗೊಂದು ಎಫ್‌ಎಫ್‌ಟಿ ಎಂದುಕೊಂಡರೆ ಸೆಕೆಂಡಿಗೆ 1 ಕೋಟಿ 17 ಲಕ್ಷ ಎಫ್‌ಎಫ್‌ಟಿಗಳು. ಅವುಗಳ ಒಟ್ಟು ಅಂಕಗಣಿತ ಸೆಕೆಂಡಿಗೆ ಸುಮಾರು 1.4 ಲಕ್ಷ ಕೋಟಿ ಕೂಡು-ಗುಣಾಕಾರ. ಜೋಡಿಗಳನ್ನು ಗುಣಿಸುವ ಮುಂದಿನ ಹಂತಕ್ಕೆ, ನಾಲ್ಕು ಧ್ರುವೀಕರಣ ಗುಣಲಬ್ಧಗಳನ್ನೂ ಲೆಕ್ಕಕ್ಕೆ ಹಿಡಿದರೆ, ಸುಮಾರು 6 ಲಕ್ಷ ಕೋಟಿ.

ಮೊದಲ ಅಚ್ಚರಿ ಇಲ್ಲಿದೆ. ಕಷ್ಟದ ಕೆಲಸ ಎಂದು ನಾವು ತಿಳಿದಿದ್ದ ಎಫ್‌ಎಫ್‌ಟಿ, ಅದರ ಬೆನ್ನಿಗೇ ಬರುವ ಸರಳ ಗುಣಾಕಾರದ ಕಾಲುಭಾಗದಷ್ಟೂ ಇಲ್ಲ. ಕೂಲಿ-ಟ್ಯೂಕಿ ದಾರಿ ಅಷ್ಟು ಸೊಗಸಾಗಿ ಭಾರ ಇಳಿಸಿದೆ. ಎಫ್‌ಎಫ್‌ಟಿಗೆ ಯಂತ್ರ ಹುಡುಕುವವರು ಎಫ್‌ಎಫ್‌ಟಿಯ ನಂತರ ಏನು ಎಂದು ಮೊದಲು ಕೇಳಿಕೊಳ್ಳಬೇಕಾದ್ದು ಇದಕ್ಕಾಗಿ.

ಎರಡನೆಯ ಅಚ್ಚರಿ ಇನ್ನೂ ದೊಡ್ಡದು. ಹೊಸ ಕೋರಿಲೇಟರಿನಲ್ಲಿ ಬಳಸಿದ ಟೆಸ್ಲಾ ಕೆ40 ಜಿಪಿಯುವಿನ ವಿವರ ನೋಡಿ. ಅದರ ಗರಿಷ್ಠ ವೇಗ ಸೆಕೆಂಡಿಗೆ 4.29 ಲಕ್ಷ ಕೋಟಿ ಲೆಕ್ಕ. ಹಾಗಾದರೆ ಎಲ್ಲ ಎಫ್‌ಎಫ್‌ಟಿಗಳನ್ನೂ ಒಂದೇ ಕಾರ್ಡು ಮುಗಿಸಬೇಕಲ್ಲವೇ? ಮುಗಿಸುವುದಿಲ್ಲ. ಕಾರ್ಡಿನ ಸ್ವಂತ ಮೆಮೊರಿಯಿಂದ ಅದರ ಲೆಕ್ಕದ ಘಟಕಗಳಿಗೆ ಸೆಕೆಂಡಿಗೆ ಗರಿಷ್ಠ 288 ಗಿಗಾಬೈಟ್ ಮಾತ್ರ ಹರಿಯಬಲ್ಲದು. 4,096ರ ಎಫ್‌ಎಫ್‌ಟಿ ಮಾಡುವಾಗ, ಒಂದು ಬೈಟು ಓಡಾಡಿದ್ದಕ್ಕೆ ಆಗುವ ಲೆಕ್ಕ ನಾಲ್ಕಕ್ಕಿಂತ ಕಡಿಮೆ. ಗುಣಿಸಿದರೆ ಸುಮಾರು 1.1 ಲಕ್ಷ ಕೋಟಿ ಬರುತ್ತದೆ, ಅಂದರೆ ಡಬ್ಬಿಯ ಮೇಲೆ ಬರೆದ ವೇಗದ ನಾಲ್ಕನೇ ಒಂದು ಪಾಲು. ಅದಕ್ಕೂ ಮೊದಲು ಅಂಕಿಗಳು ಕಂಪ್ಯೂಟರಿನ ಮುಖ್ಯ ಮೆಮೊರಿಯಿಂದ ಕಾರ್ಡಿಗೆ ಬರಬೇಕು. ಪಿಸಿಐ ಎಕ್ಸ್‌ಪ್ರೆಸ್ ಎಂಬ ಆ ದಾರಿಯ ಅಗಲ ಸೆಕೆಂಡಿಗೆ 16 ಗಿಗಾಬೈಟಿಗೂ ಸ್ವಲ್ಪ ಕಡಿಮೆ. ಗಿರಣಿಯ ಕಲ್ಲು ಎಷ್ಟೇ ಜೋರಾಗಿ ತಿರುಗಿದರೂ, ಕಾಳು ಸುರಿಯುವ ಬಾಯಿ ಕಿರಿದಾಗಿದ್ದರೆ ಹಿಟ್ಟು ಬೀಳುವುದು ಬಾಯಿಯ ಅಳತೆಗೇ. ಜಾಹೀರಾತಿನಲ್ಲಿ ಮುದ್ರಿಸುವುದು ಕಲ್ಲಿನ ವೇಗವನ್ನು. ಎಫ್‌ಎಫ್‌ಟಿಯಂಥ ಕೆಲಸಕ್ಕೆ ಓದಬೇಕಾದದ್ದು ಬಾಯಿಯ ಅಗಲವನ್ನು.

ಜೋಡಿ ಗುಣಾಕಾರದ ಹಂತ ಇದಕ್ಕೆ ತದ್ವಿರುದ್ಧ. ಅಲ್ಲಿ ಒಮ್ಮೆ ತಂದ ಅಂಕಿಯನ್ನು ಉಳಿದ ಎಲ್ಲ ಆಂಟೆನಾಗಳ ಅಂಕಿಗಳೊಂದಿಗೆ ಮತ್ತೆ ಮತ್ತೆ ಬಳಸಬಹುದು. ತಂದದ್ದು ಕಡಿಮೆ, ಲೆಕ್ಕ ಜಾಸ್ತಿ. ಜಿಪಿಯುವಿಗೆ ಹೇಳಿಮಾಡಿಸಿದ ಕೆಲಸ.

ಆದ್ದರಿಂದ ಖೋಡದ್‌ನ ಎಂಜಿನಿಯರುಗಳು ಕೆಲಸವನ್ನು ಹಂಚಿದರು. ಆಂಟೆನಾ ಕಡೆಯಿಂದ ಬಂದ ಸಿಗ್ನಲ್ಲನ್ನು ಅಂಕಿಯಾಗಿಸಿ, ಪೊಟ್ಟಣ ಕಟ್ಟಿ, ಹತ್ತು ಗಿಗಾಬಿಟ್ ಈಥರ್ನೆಟ್ ಮೂಲಕ ಕಳಿಸುವ ಹೊಣೆ ರೋಚ್ ಎಂಬ ಎಫ್‌ಪಿಜಿಎ ಬೋರ್ಡುಗಳಿಗೆ ಬಿತ್ತು. ರೇಡಿಯೊ ಖಗೋಳದವರೆಲ್ಲ ಹಂಚಿಕೊಂಡು ಬಳಸಲೆಂದು ದಕ್ಷಿಣ ಆಫ್ರಿಕಾ ಮತ್ತು ಅಮೆರಿಕದ ತಂಡಗಳು ಕೂಡಿ ರೂಪಿಸಿದ ಬೋರ್ಡು ಅದು. ಅಲ್ಲಿಂದ ಮುಂದೆ ಎಫ್‌ಎಫ್‌ಟಿ, ಜೋಡಿ ಗುಣಾಕಾರ ಎರಡೂ ಜಿಪಿಯುಗಳ ಪಾಲು. ಯಂತ್ರಗಳ ನಡುವೆ 40 ಗಿಗಾಬಿಟ್ಟಿನ ಇನ್ಫಿನಿಬ್ಯಾಂಡ್ ಜಾಲ. ಏಕೆಂದರೆ ಜೋಡಿಗಳನ್ನು ಗುಣಿಸಬೇಕಾದರೆ ಎಲ್ಲ ಆಂಟೆನಾಗಳ ಅಂಕಿಗಳೂ ಒಂದೇ ಯಂತ್ರದ ಎದುರಿಗೆ ಬಂದು ನಿಲ್ಲಬೇಕು. ಪ್ರತಿಯೊಬ್ಬರೂ ಪ್ರತಿಯೊಬ್ಬರಿಗೂ ಕೊಡಬೇಕಾದ ಈ ಮಹಾ ವಿನಿಮಯವೇ ಇಡೀ ವಿನ್ಯಾಸದಲ್ಲಿ ಅತಿ ಸೂಕ್ಷ್ಮವಾದ ಭಾಗ. ವಿವರಗಳು 2017ರಲ್ಲಿ ಪ್ರಕಟವಾದವು.

ಎಫ್‌ಎಫ್‌ಟಿಯನ್ನೂ ಎಫ್‌ಪಿಜಿಎ ಒಳಗೇ ಮಾಡಬಹುದಿತ್ತು. ಜಗತ್ತಿನ ಅನೇಕ ದೂರದರ್ಶಕಗಳು ಹಾಗೆಯೇ ಮಾಡುತ್ತವೆ. ಇಲ್ಲಿ ಗೆದ್ದದ್ದು ಬದಲಾಯಿಸುವ ಸಲೀಸು ಎಂದು ನಾನು ಓದಿಕೊಳ್ಳುತ್ತೇನೆ. ಎಫ್‌ಪಿಜಿಎ ಎಂದರೆ ಮತ್ತೆ ಮತ್ತೆ ಹೊಸದಾಗಿ ಜೋಡಿಸಿಕೊಳ್ಳಬಹುದಾದ ಸರ್ಕ್ಯೂಟುಗಳ ಬಯಲು. ಆದರೆ ಆ ಜೋಡಣೆ ಬರೆಯುವ ಭಾಷೆ, ಆಲೋಚನೆ ಎರಡೂ ಸಾಮಾನ್ಯ ಪ್ರೋಗ್ರಾಮಿಂಗಿಗಿಂತ ಬೇರೆ. ಒಂದು ದೊಡ್ಡ ವಿನ್ಯಾಸವನ್ನು ಒಮ್ಮೆ ಕಂಪೈಲ್ ಮಾಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಅದನ್ನು ಬಲ್ಲವರು ಕೆಲವರು, ಅವರು ಬೇರೆ ಕಡೆ ಹೊರಟುಹೋದರೆ ಯಂತ್ರ ಅನಾಥ. ಜಿಪಿಯುವಿನ ಪ್ರೋಗ್ರಾಮನ್ನು ಹೊಸದಾಗಿ ಬಂದ ಸಂಶೋಧನಾ ವಿದ್ಯಾರ್ಥಿಯೂ ಕೆಲವು ತಿಂಗಳಲ್ಲಿ ಓದಿ ತಿದ್ದಬಲ್ಲಳು. ಸಂಸ್ಥೆಯಲ್ಲಿ ಯಾರಿದ್ದಾರೆ, ಹತ್ತು ವರ್ಷದ ಮೇಲೆ ಯಾರಿರುತ್ತಾರೆ ಎಂಬುದು ಹಾರ್ಡ್‌ವೇರ್ ಆಯ್ಕೆಯ ಪಟ್ಟಿಯಲ್ಲಿ ಮೊದಲ ಸಾಲಿನಲ್ಲೇ ಇರಬೇಕಾದ ಪ್ರಶ್ನೆ. ನಮ್ಮ ಖರೀದಿ ಸಮಿತಿಗಳು ಅದನ್ನು ಕೇಳುವುದೇ ಇಲ್ಲ.

ಹೀಗೆಂದು ಜಿಪಿಯುವೇ ಎಲ್ಲಕ್ಕೂ ಮದ್ದು ಎಂದುಕೊಂಡರೆ ಬೆಂಗಳೂರಿನಲ್ಲೇ ನಡೆದ ಇನ್ನೊಂದು ಆಯ್ಕೆಯನ್ನು ಗಮನಿಸಬೇಕು. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ನಿರ್ಜನ ಬಯಲಿನಲ್ಲಿ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಎಂಬ ದೂರದರ್ಶಕವಿದೆ. 2013ರಲ್ಲಿ ಕೆಲಸ ಆರಂಭಿಸಿದಾಗ ಅದರಲ್ಲಿ 128 ಆಂಟೆನಾ ಗುಂಪುಗಳಿದ್ದವು. ಎಂಟು ಗುಂಪಿಗೊಂದರಂತೆ ಬಯಲಿನಲ್ಲೇ ಇಟ್ಟ ಡಿಜಿಟಲ್ ರಿಸೀವರುಗಳನ್ನು ರೂಪಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಅವುಗಳ ಹೃದಯ ಎಫ್‌ಪಿಜಿಎ.

ಏಕೆ ಎಂಬುದು ಅಂಕಿಗಳಲ್ಲೇ ಇದೆ. ಅಲ್ಲಿ ಪ್ರತಿ ಸಿಗ್ನಲ್ಲನ್ನು ಸೆಕೆಂಡಿಗೆ 65.536 ಕೋಟಿ ಸಲ ಅಳೆಯುತ್ತಾರೆ. ರಿಸೀವರ್ ಅದನ್ನು ಅಲ್ಲಿಯೇ 1.28 ಮೆಗಾಹರ್ಟ್ಸ್ ಅಗಲದ 256 ಭಾಗಗಳಾಗಿ ಒಡೆಯುತ್ತದೆ. ಖಗೋಳವಿಜ್ಞಾನಿ ಕೇಳಿದ 24 ಭಾಗಗಳನ್ನಷ್ಟೇ ಫೈಬರಿಗೆ ಹಾಕುತ್ತದೆ. ಉಳಿದ 232 ಭಾಗಗಳು ಅಲ್ಲೇ ಬಿಟ್ಟುಹೋಗುತ್ತವೆ. ಮೊದಲ ಪರಿವರ್ತನೆಯನ್ನು ಆಂಟೆನಾದ ಬಗಲಲ್ಲೇ ಮಾಡಿದ್ದರಿಂದ, ಮುಂದಕ್ಕೆ ಸಾಗಿಸಬೇಕಾದ ಹೊರೆ ಹತ್ತರಲ್ಲಿ ಒಂದು ಪಾಲಿಗೂ ಕಡಿಮೆಯಾಯಿತು. ಬಯಲಿನ ಬಿಸಿಲಲ್ಲಿ ಪೆಟ್ಟಿಗೆಯೊಳಗೆ ಕೂರುವ ಯಂತ್ರ ಕಡಿಮೆ ವಿದ್ಯುತ್ತಿನಲ್ಲಿ ನಡೆಯಬೇಕು, ಕಡಿಮೆ ಬಿಸಿಯಾಗಬೇಕು. ಜೊತೆಗೆ ತಾನೇ ರೇಡಿಯೊ ಗದ್ದಲ ಎಬ್ಬಿಸಿ ಪಕ್ಕದ ಆಂಟೆನಾವನ್ನು ಕೆಡಿಸಬಾರದು. ಮಾಡುವ ಕೆಲಸವೋ ಪ್ರತಿಕ್ಷಣವೂ ಅದೇ. ಇಂಥಲ್ಲಿ ಎಫ್‌ಪಿಜಿಎಗೆ ಸಾಟಿಯಿಲ್ಲ. ಆ ಮುಂದೆ, ಕಟ್ಟಡದೊಳಗೆ, ಜೋಡಿ ಗುಣಾಕಾರಕ್ಕೆ ಮರ್ಚಿಸನ್ನಿನವರೂ ಜಿಪಿಯುಗಳನ್ನೇ ಆರಿಸಿಕೊಂಡರು.

ಎಫ್‌ಪಿಜಿಎ ಒಳಗಿನ ಎಫ್‌ಎಫ್‌ಟಿ ಅಂಕಿಗಳಿಗಾಗಿ ಕಾಯುವುದಿಲ್ಲ. ಪ್ರತಿ ಗಡಿಯಾರ ಬಡಿತಕ್ಕೆ ಒಂದು ಕಡೆಯಿಂದ ಅಳತೆ ಒಳಬರುತ್ತದೆ, ಹಂತದಿಂದ ಹಂತಕ್ಕೆ ದಾಟುತ್ತದೆ, ಇನ್ನೊಂದು ಕಡೆಯಿಂದ ಆವರ್ತನ ಹೊರಬೀಳುತ್ತದೆ. ಒಳಬಂದದ್ದು ಎಷ್ಟು ಬಡಿತದ ಮೇಲೆ ಹೊರಬರುತ್ತದೆ ಎಂಬುದು ಇಂದೂ ನಾಳೆಯೂ ಅಷ್ಟೇ. ಎದುರಿನಿಂದ ಬರುವ ವಸ್ತುವನ್ನು ಗುರುತಿಸಿ ಕೂಡಲೇ ಪ್ರತಿಕ್ರಿಯಿಸಬೇಕಾದ ರಾಡಾರಿಗೆ ಈ ಗುಣವೇ ಪ್ರಾಣ. ಜಿಪಿಯುವಿಗೆ ಸಾವಿರಾರು ಕಂತುಗಳನ್ನು ಒಟ್ಟುಗೂಡಿಸಿ ಕೊಟ್ಟರೆ ಮಾತ್ರ ಅದರ ಪೂರ್ತಿ ಶಕ್ತಿ ಹೊರಬರುವುದು. ಹಾಗೆ ಒಟ್ಟುಗೂಡಿಸುವಷ್ಟು ಹೊತ್ತು ಕಾಯುವುದು ಆಕಾಶ ನೋಡುವವರಿಗೆ ನಷ್ಟವಲ್ಲ, ರಾಡಾರಿನವರಿಗೆ ನಷ್ಟ.

ಎಫ್‌ಪಿಜಿಎ ಹಿಡಿದವರು ಬಿಟ್ಟುಗಳ ಲೆಕ್ಕವನ್ನು ತಾವೇ ಇಡಬೇಕು. ಇದನ್ನು ಪಠ್ಯಪುಸ್ತಕಗಳು ಒಂದು ಪ್ಯಾರಾದಲ್ಲಿ ಮುಗಿಸುತ್ತವೆ, ಅಷ್ಟಕ್ಕೆ ಮುಗಿಯುವ ವಿಷಯವಲ್ಲ. ಎಫ್‌ಎಫ್‌ಟಿಯ ಪ್ರತಿ ಹಂತದಲ್ಲೂ ಎರಡು ಅಂಕಿಗಳು ಕೂಡಿಕೊಳ್ಳುತ್ತವೆ. ಮೊತ್ತ ಇಮ್ಮಡಿಯಾಗಬಹುದು, ಅದನ್ನು ಬರೆಯಲು ಒಂದು ಬಿಟ್ ಹೆಚ್ಚು ಬೇಕಾಗಬಹುದು. 4,096ರ ಎಫ್‌ಎಫ್‌ಟಿಯಲ್ಲಿ 12 ಹಂತಗಳಿವೆ. ಹಂತ ಹಂತಕ್ಕೂ ಜಾಗ ಕೊಡುತ್ತಾ ಹೋದರೆ ಚಿಪ್ಪಿನ ಜಾಗ ಬರಿದಾಗುತ್ತದೆ. ಪ್ರತಿ ಹಂತದಲ್ಲೂ ಅರ್ಧಕ್ಕೆ ಇಳಿಸುತ್ತಾ ಹೋದರೆ ಕೆಳಗಿನ ಬಿಟ್ಟುಗಳು ಉದುರಿಹೋಗುತ್ತವೆ. ಕ್ಷೀಣ ಸಿಗ್ನಲ್ಲುಗಳು ಇರುವುದೇ ಆ ಕೆಳಗಿನ ಬಿಟ್ಟುಗಳಲ್ಲಿ. ಆಕಾಶದಿಂದ ಬರುವ ಸದ್ದು ಗೊತ್ತುಗುರಿಯಿಲ್ಲದ ಗದ್ದಲದಂತೆ ಇರುವುದರಿಂದ ಹಂತಕ್ಕೆ ಸರಾಸರಿ ಅರ್ಧ ಬಿಟ್ಟಿನಷ್ಟೇ ಹಿಗ್ಗುತ್ತದೆ. ಊರಿನ ಎಫ್‌ಎಂ ಸ್ಟೇಷನ್ನಿನ ಸ್ಥಿರ ಸ್ವರವಾದರೆ ಪೂರ್ತಿ ಹಿಗ್ಗಿ ಪಾತ್ರೆ ತುಂಬಿ ಹರಿಯುತ್ತದೆ, ಅಕ್ಕಪಕ್ಕದ ಚಾನೆಲ್ಲುಗಳನ್ನೂ ಕೆಡಿಸುತ್ತದೆ. ಅದಕ್ಕಾಗಿಯೇ ಎಫ್‌ಎಫ್‌ಟಿಯ ಮುಂದೆ ಪಾಲಿಫೇಸ್ ಎಂಬ ಸೋಸುವ ಹಂತವೊಂದನ್ನು ಇಡುತ್ತಾರೆ, ಬಲವಾದ ಸ್ವರ ಪಕ್ಕದ ಚಾನೆಲ್ಲಿಗೆ ಸೋರದಂತೆ ಅದು ತಡೆಯುತ್ತದೆ. ಹಾಗಾಗಿ ಎಷ್ಟು ಬಿಟ್ ಬೇಕು ಎಂಬುದಕ್ಕೆ ಉತ್ತರ, ನಿಮ್ಮ ಆಂಟೆನಾದ ನೆರೆಹೊರೆಯಲ್ಲಿ ಯಾರಿದ್ದಾರೆ ಎಂಬುದರ ಮೇಲೂ ನಿಂತಿದೆ.

ಇದರ ತೀವ್ರತೆಯನ್ನು ನೋಡಬೇಕಾದರೆ ಅದೇ ರಾಮನ್ ಸಂಸ್ಥೆಯ ಸಾರಸ್ ಪ್ರಯೋಗದ ಕಡೆಗೆ ಹೋಗಬೇಕು. ವಿಶ್ವದ ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ ಬಿಟ್ಟುಹೋದ ಗುರುತನ್ನು, ಹೊಳಪಿನ ಒಂದು ತಗ್ಗನ್ನು, 78 ಮೆಗಾಹರ್ಟ್ಸ್ ಹತ್ತಿರ ಕಂಡೆವು ಎಂದು 2018ರಲ್ಲಿ ಎಡ್ಜಸ್ ಎಂಬ ತಂಡ ಪ್ರಕಟಿಸಿತ್ತು. ಆ ಆವರ್ತನದಲ್ಲಿ ನಮ್ಮ ಆಕಾಶಗಂಗೆಯ ಹೊಳಪೇ ಸಾವಿರಾರು ಕೆಲ್ವಿನ್. ಅವರು ಕಂಡೆವೆಂದ ತಗ್ಗು ಸುಮಾರು ಅರ್ಧ ಕೆಲ್ವಿನ್. ಸಾರಸ್ 3ರ ಆಂಟೆನಾವನ್ನು 2020ರಲ್ಲಿ ನಮ್ಮ ದಂಡಿಗಾನಹಳ್ಳಿ ಕೆರೆಯ ಮೇಲೆ, ಶರಾವತಿ ಹಿನ್ನೀರಿನ ಮೇಲೆ ತೆಪ್ಪದಲ್ಲಿ ತೇಲಿಸಿ ಅಳೆದರು. ಆಂಟೆನಾದ ಕೆಳಗೆ ಬಹಳ ಆಳದವರೆಗೆ ಏಕರೂಪದ ನೀರೇ ಇದ್ದರೆ, ನೆಲದ ಪದರಗಳು ತಂದೊಡ್ಡುವ ಗೊಂದಲ ತಪ್ಪುತ್ತದೆ. ಆವರ್ತನ ಬಿಡಿಸುವ ಕೆಲಸ ಎಫ್‌ಪಿಜಿಎ ಆಧಾರಿತ ಸ್ಪೆಕ್ಟ್ರೋಮೀಟರಿನದು. ಸಾವಿರಾರರ ಮೇಲೆ ಕುಳಿತ ಅರ್ಧವನ್ನು ನಂಬಬೇಕಾದರೆ, ನಾವು ಕಂಡ ಏರಿಳಿತ ಆಕಾಶದ್ದೋ, ಬಿಟ್ ಕತ್ತರಿಸಿದ ಜಾಗದ್ದೋ ಎಂಬ ಸಂಶಯಕ್ಕೆ ಎಡೆಯೇ ಇರಬಾರದು. ಅಲ್ಲಿ ವೇಗ ದೊಡ್ಡ ಮಾತಲ್ಲ, ಪ್ರತಿ ಹಂತದಲ್ಲೂ ಅಂಕಿ ಏನಾಯಿತು ಎಂದು ಕಟ್ಟಿದವರಿಗೆ ಗೊತ್ತಿರುವುದು ದೊಡ್ಡ ಮಾತು. 2022ರಲ್ಲಿ ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ತಮ್ಮ ಅಳತೆಗಳಲ್ಲಿ ಆ ತಗ್ಗು ಇಲ್ಲ ಎಂದು ಶೇ 95.3ರ ವಿಶ್ವಾಸದೊಂದಿಗೆ ತೋರಿಸಿದರು. ಕರ್ನಾಟಕದ ಒಂದು ಕೆರೆಯ ಮೇಲೆ ವಿಶ್ವದ ಬಾಲ್ಯದ ಕುರಿತ ವಾದವೊಂದು ಪರೀಕ್ಷೆಗೆ ಒಳಗಾಯಿತು. ಇದನ್ನು ನಾವು ನಮ್ಮ ಮಕ್ಕಳಿಗೆ ಇನ್ನಷ್ಟು ಗಟ್ಟಿಯಾಗಿ ಹೇಳಬೇಕು.

ಇವೆಲ್ಲ ದೊಡ್ಡ ಯಂತ್ರಗಳು. ಕಾಲೇಜಿನ ಪ್ರಾಜೆಕ್ಟಿಗೆ, ಸಣ್ಣ ಉದ್ದಿಮೆಗೆ ಬರೋಣ. ಅಲ್ಲಿ ನಾನು ಕಾಣುವ ಸಾಮಾನ್ಯ ತಪ್ಪು, ಎಫ್‌ಎಫ್‌ಟಿ ಎಂದಾಕ್ಷಣ ಎಫ್‌ಪಿಜಿಎ ಬೋರ್ಡಿಗೆ ಆರ್ಡರ್ ಕೊಡುವುದು. ಎಫ್‌ಎಫ್‌ಟಿಗೆ ವಿಶೇಷ ಚಿಪ್ ಬೇಕೆನ್ನಲು ಒಂದು ಕಾಲದಲ್ಲಿ ಕಾರಣವಿತ್ತು. ಗುಣಾಕಾರವೇ ದುಬಾರಿಯಾಗಿದ್ದ ದಿನಗಳಲ್ಲಿ, ಒಂದೇ ಬಡಿತದಲ್ಲಿ ಗುಣಿಸಬಲ್ಲ ಡಿಎಸ್‌ಪಿ ಎಂಬ ಬೇರೆಯೇ ಚಿಪ್ ವರ್ಗ ಹುಟ್ಟಿತು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ತನ್ನ ಟಿಎಂಎಸ್320 ಸರಣಿಯ ಮೊದಲ ಚಿಪ್ಪನ್ನು 1980ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದಿತು. 1985ರಲ್ಲಿ ಅದೇ ಕಂಪನಿ ಬೆಂಗಳೂರಿನಲ್ಲಿ ಕೇಂದ್ರ ತೆರೆಯಿತು, ನಮ್ಮೂರಿನ ಚಿಪ್ ವಿನ್ಯಾಸದ ಪರಂಪರೆ ಅಲ್ಲಿಂದ ಬೆಳೆಯಿತು. ಎಫ್‌ಎಫ್‌ಟಿಯ ಕೊನೆಯಲ್ಲಿ ಅಂಕಿಗಳ ಕ್ರಮ ತಲೆಕೆಳಗಾಗುವುದನ್ನು ಸರಿಪಡಿಸುವ ವ್ಯವಸ್ಥೆಯನ್ನೂ ಮುಂದಿನ ಡಿಎಸ್‌ಪಿಗಳು ಹಾರ್ಡ್‌ವೇರಿನಲ್ಲೇ ಇಟ್ಟುಕೊಂಡವು. ಇಂದು ಆ ಶಕ್ತಿಯ ಬಹುಪಾಲು ಅಗ್ಗದ ಮೈಕ್ರೊಕಂಟ್ರೋಲರಿನ ಒಳಗೇ ಕೂತಿದೆ. ಆರ್ಮ್ ಕಂಪನಿಯ ಕಾರ್ಟೆಕ್ಸ್-ಎಂ4 ತಿರುಳಿನ ಚಿಪ್ಪುಗಳಿಗೆ ಎಫ್‌ಎಫ್‌ಟಿಯ ಸಿದ್ಧ ಲೈಬ್ರರಿ ಉಚಿತವಾಗಿ ಸಿಗುತ್ತದೆ.

ಸಿದ್ಧ ಲೈಬ್ರರಿ ಎಂದಾಗ ಎಫ್‌ಎಫ್‌ಟಿಡಬ್ಲ್ಯು ನೆನೆಯದೆ ಮುಂದೆ ಹೋಗಲಾಗದು. ಎಂಐಟಿಯ ಮಟೇಯೊ ಫ್ರೀಗೋ ಮತ್ತು ಸ್ಟೀವನ್ ಜಾನ್ಸನ್ 1990ರ ದಶಕದ ಕೊನೆಯಲ್ಲಿ ಬರೆದ ಈ ಲೈಬ್ರರಿ, ಯಾವ ದಾರಿ ವೇಗದ್ದು ಎಂದು ಮೊದಲೇ ತೀರ್ಮಾನಿಸುವುದಿಲ್ಲ. ತಾನು ಓಡುತ್ತಿರುವ ಕಂಪ್ಯೂಟರಿನ ಮೇಲೆಯೇ ಹಲವು ದಾರಿಗಳನ್ನು ಓಡಿಸಿ, ಗಡಿಯಾರ ಹಿಡಿದು, ಗೆದ್ದದ್ದನ್ನು ಇಟ್ಟುಕೊಳ್ಳುತ್ತದೆ. ಪ್ರೊಸೆಸರಿನ ಕ್ಯಾಶ್ ಮೆಮೊರಿ, ಅದರ ಗಾತ್ರ, ಅಂಕಿಗಳು ಓಡಾಡುವ ರೀತಿ ಇವೆಲ್ಲ ಸೇರಿ ಕೊಡುವ ಫಲವನ್ನು ಸೂತ್ರದಿಂದ ಊಹಿಸಲಾಗದು ಎಂಬುದನ್ನು ಅವರು ಅರಿತಿದ್ದರು. ಯಂತ್ರ ಕೊಳ್ಳುವವರೂ ಹೀಗೆಯೇ ಮಾಡಬೇಕೆಂಬುದು ನನ್ನ ಸಲಹೆ. ತಮ್ಮದೇ ದತ್ತಾಂಶ, ತಮ್ಮದೇ ಕಂತಿನ ಗಾತ್ರ, ಅಂಕಿ ಒಳಬರುವ ಕ್ಷಣದಿಂದ ಹೊರಹೋಗುವ ಕ್ಷಣದವರೆಗಿನ ಪೂರ್ತಿ ಹೊತ್ತು. ಎಫ್‌ಎಫ್‌ಟಿಯ ಸಾಲಿನ ಹೊತ್ತನ್ನು ಮಾತ್ರ ಅಳೆದರೆ ಏನೂ ತಿಳಿಯುವುದಿಲ್ಲ.

ಸಣ್ಣ ಕೆಲಸಕ್ಕೆ ಉದಾಹರಣೆಯಾಗಿ ಪೀಣ್ಯದ ವರ್ಕ್‌ಶಾಪೊಂದರ ಇಂಡಕ್ಷನ್ ಮೋಟರನ್ನು ತೆಗೆದುಕೊಳ್ಳಿ. ಒಳಗಿನ ರೋಟರಿನ ಸರಳೊಂದು ಬಿರುಕು ಬಿಟ್ಟರೆ, ಮೋಟರ್ ಎಳೆದುಕೊಳ್ಳುವ ಕರೆಂಟಿನಲ್ಲಿ 50 ಹರ್ಟ್ಸಿನ ಎರಡೂ ಬದಿಗೆ ಪುಟ್ಟ ಶಿಖರಗಳು ಏಳುತ್ತವೆ. ಮೋಟರಿನ ಸ್ಲಿಪ್, ಅಂದರೆ ತಿರುಗುವ ಕಾಂತಕ್ಷೇತ್ರಕ್ಕಿಂತ ರೋಟರ್ ಹಿಂದುಳಿಯುವ ಪ್ರಮಾಣ, ಶೇ 2 ಇದ್ದರೆ ಅವು 48 ಮತ್ತು 52 ಹರ್ಟ್ಸಿನಲ್ಲಿ ಇರುತ್ತವೆ. 50ರ ಭಾರಿ ಶಿಖರದ ನೆರಳಿನಲ್ಲಿ, ಬರೀ 2 ಹರ್ಟ್ಸ್ ದೂರದಲ್ಲಿ. ಇವನ್ನು ಬೇರ್ಪಡಿಸಿ ಕಾಣಬೇಕಾದರೆ ಕೆಲವು ಸೆಕೆಂಡು ಕೇಳಿಸಿಕೊಳ್ಳಲೇಬೇಕು. ಎರಡು ಆವರ್ತನಗಳ ನಡುವಿನ ಅಂತರ ಕಿರಿದಾದಷ್ಟೂ ಕೇಳಬೇಕಾದ ಹೊತ್ತು ಹಿರಿದು, ಇದು ಪ್ರಕೃತಿಯ ನಿಯಮ. ಎಷ್ಟು ದುಬಾರಿ ಚಿಪ್ ತಂದರೂ ಆ ಹೊತ್ತನ್ನು ಕೊಳ್ಳಲಾಗದು. ಸೆಕೆಂಡಿಗೆ 1,000 ಸಲ ಅಳೆದು 4,096 ಅಳತೆ ಕೂಡಿಡಲು ನಾಲ್ಕು ಸೆಕೆಂಡು ಹಿಡಿಯುತ್ತದೆ, ಆಗ ಚಾನೆಲ್ಲುಗಳ ಅಂತರ ಕಾಲು ಹರ್ಟ್ಸ್. ಅಷ್ಟೂ ಅಳತೆಗಳು 16 ಕಿಲೋಬೈಟ್ ಮೆಮೊರಿಯಲ್ಲಿ ಹಿಡಿಸುತ್ತವೆ. ಎಫ್‌ಎಫ್‌ಟಿಗೆ ಸಣ್ಣ ಮೈಕ್ರೊಕಂಟ್ರೋಲರ್ ತೆಗೆದುಕೊಳ್ಳುವುದು ಮಿಲಿಸೆಕೆಂಡುಗಳ ಲೆಕ್ಕದ ಹೊತ್ತು. ಉಳಿದ ಹೊತ್ತೆಲ್ಲ ಅದು ನಿದ್ದೆ ಮಾಡಬಹುದು.

ಅಲ್ಲಿಯೂ ಯೋಚಿಸಬೇಕಾದದ್ದು ಒಯ್ಯುವ ಹೊರೆಯನ್ನೇ. ನಾಲ್ಕು ಸೆಕೆಂಡಿನ ಕಚ್ಚಾ ಅಳತೆಗಳನ್ನು ವೈರ್‌ಲೆಸ್ಸಿನಲ್ಲಿ ಕಳಿಸಿದರೆ, ಅಳತೆಗೆ ಎರಡು ಬೈಟಿನಂತೆ, ಎಂಟು ಕಿಲೋಬೈಟ್. ಎಫ್‌ಎಫ್‌ಟಿಯನ್ನು ಮೋಟರಿನ ಪಕ್ಕದಲ್ಲೇ ಮಾಡಿ 48, 50, 52 ಹರ್ಟ್ಸಿನ ಮೂರು ಎತ್ತರಗಳನ್ನಷ್ಟೇ ಕಳಿಸಿದರೆ 12 ಬೈಟ್. ಇಂಥ ಪುಟ್ಟ ಸಲಕರಣೆಯಲ್ಲಿ ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಲೆಕ್ಕಕ್ಕಿಂತ ರೇಡಿಯೊ. ಹಾಗಾಗಿ ಇಲ್ಲಿ ಬೋರ್ಡು ಆರಿಸುವಾಗ ಮೊದಲು ನೋಡಬೇಕಾದದ್ದು ಅದರ ರೇಡಿಯೊ ಎಷ್ಟು ಕರೆಂಟ್ ಎಳೆಯುತ್ತದೆ, ನಿದ್ದೆಯಲ್ಲಿದ್ದಾಗ ಚಿಪ್ ಎಷ್ಟು ಎಳೆಯುತ್ತದೆ ಎಂಬ ಎರಡು ಸಾಲುಗಳನ್ನು. ಎಫ್‌ಎಫ್‌ಟಿಯ ವೇಗ ಆ ಪಟ್ಟಿಯ ಕೆಳಗೆಲ್ಲೋ ಇರುತ್ತದೆ.